ಕಲ್ಲಿಗೆ 1 ಮಿ.ಮೀ. ತೂತು: ಡೈಮಂಡ್ ಬಿಟ್ ಇಷ್ಟು ಬೇಗ ಮೊಂಡಾಗೋದು ಯಾಕೆ?

ಮಣಿಸರ

ಎಲ್ಲರಿಗೂ ನಮಸ್ಕಾರ. ಹೊಳೆಯ ನುಣುಪು ಕಲ್ಲು, ಅಗೇಟ್ ಬಿಲ್ಲೆ, ಇಂಥವಕ್ಕೆ ತೂತು ಕೊರೆದು ಪೆಂಡೆಂಟ್, ಓಲೆ ಮಾಡುವ ಹವ್ಯಾಸ ಶುರು ಮಾಡಿದ್ದೇನೆ. ಕಲ್ಲಿನ ದಪ್ಪ ಹೆಚ್ಚೆಂದರೆ 5–6 ಮಿ.ಮೀ. ಕೈಯಲ್ಲಿ ಹಿಡಿಯುವ ರೋಟರಿ ಟೂಲ್ ಇದೆ, ಅದಕ್ಕೆ 1 ಮಿ.ಮೀ. ಡೈಮಂಡ್ ಬಿಟ್ (ತೂತು ಕೊರೆಯುವ ಕಡ್ಡಿ) ಹಾಕುತ್ತೇನೆ. ಒಂದು ಪ್ಯಾಕೆಟ್‌ನಲ್ಲಿ ರಾಶಿ ಬರುತ್ತವಲ್ಲ, ಮೇಲೆ ವಜ್ರದ ಪುಡಿ ಲೇಪಿಸಿದ ಅಗ್ಗದ ಬಿಟ್‌ಗಳು, ಅವೇ.

ತೊಂದರೆ ಏನಪ್ಪಾ ಅಂದ್ರೆ, ಹೊಸ ಬಿಟ್ ಮೊದಲ ಕಲ್ಲಿನಲ್ಲಿ ಚೆನ್ನಾಗಿ ಇಳಿಯುತ್ತದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಸುಮ್ನೆ ತಿರುಗುತ್ತದೆ, ಒಳಗೆ ಹೋಗುವುದೇ ಇಲ್ಲ. ಒತ್ತಿದರೆ ಕಿರ್ರೆಂದು ಕೂಗುತ್ತದೆ, ತುದಿ ಕಪ್ಪಾಗುತ್ತದೆ. ಸಿರಿಂಜ್‌ನಿಂದ ಹನಿ ಹನಿ ನೀರು ಬಿಡುತ್ತಲೇ ಇರುತ್ತೇನೆ, ಒಣಗಲು ಬಿಟ್ಟಿಲ್ಲ. ಇದರ ಜೊತೆಗೆ ಬಿಟ್ ಆಚೆ ಬದಿಗೆ ಬರುವ ಹೊತ್ತಿಗೆ ಸರಿಯಾಗಿ ಹಿಂದೆ ಒಂದು ಚಕ್ಕೆ ಹಾರಿಹೋಗುತ್ತದೆ. ಮುಂದಿನಿಂದ ನೋಡಿದರೆ ಮುದ್ದಾದ ತೂತು, ತಿರುಗಿಸಿದರೆ ಹಳ್ಳ.

ಬಿಟ್‌ಗಳೇ ಕಳಪೆಯಾ? ಸ್ಪೀಡ್ ಎಷ್ಟಿರಬೇಕು? ನೀರಿಗಿಂತ ಎಣ್ಣೆ ಒಳ್ಳೆಯದು ಅಂತ ಒಬ್ಬರು ಹೇಳಿದರು, ಹೌದಾ?

ಕೊರೆಹುಳ

ಬಿಟ್ ಕಳಪೆ ಇದ್ದರೂ ಇರಬಹುದು, ಆದರೆ ನೀವು ಹೇಳುವ ಲಕ್ಷಣ ನೋಡಿದರೆ ಒಳ್ಳೆ ಬಿಟ್ ಹಾಕಿದರೂ ಇದೇ ಕಥೆ.

ಡೈಮಂಡ್ ಬಿಟ್ ಕತ್ತರಿಸುವುದಿಲ್ಲ, ಉಜ್ಜಿ ಸವೆಸುತ್ತದೆ. ಮರಕ್ಕೋ ಕಬ್ಬಿಣಕ್ಕೋ ಹಾಕುವ ಬಿಟ್‌ನಲ್ಲಿ ಒತ್ತಿದರೆ ಅಲಗು ಆಳಕ್ಕೆ ಇಳಿದು ಸುರುಳಿ ಎಬ್ಬಿಸುತ್ತದೆ. ಇಲ್ಲಿ ಅಲಗೇ ಇಲ್ಲ. ಉಕ್ಕಿನ ಕಡ್ಡಿ, ಅದರ ಮೇಲೆ ನಿಕ್ಕಲ್ ಲೇಪ, ಆ ಲೇಪದಲ್ಲಿ ಹೂತು ಕೂತ ವಜ್ರದ ಕಣಗಳು. ಅದೂ ಒಂದೇ ಪದರ. ಆ ಪದರ ಹೋಯಿತೋ, ನಿಮ್ಮ ಕೈಯಲ್ಲಿ ಉಳಿಯುವುದು ಬರೀ ಕಡ್ಡಿ. ಅಗೇಟ್ ಮೋಸ್ ಗಡಸುತನದಲ್ಲಿ (1ರಿಂದ 10ರ ಅಳತೆ, ವಜ್ರಕ್ಕೆ 10) 6.5ರಿಂದ 7, ಬೋಳು ಕಡ್ಡಿಯಿಂದ ಅದನ್ನು ಎಷ್ಟು ತಿಕ್ಕಿದರೂ ಬಿಸಿ ಬಿಟ್ಟರೆ ಬೇರೇನೂ ಹುಟ್ಟುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ತಿರುಗುವ ಬಿಟ್‌ನ ಅಂಚು ವೇಗವಾಗಿ ಓಡುತ್ತದೆ, ನಟ್ಟನಡುವಿನ ಬಿಂದು ಮಾತ್ರ ಇದ್ದಲ್ಲೇ ಇರುತ್ತದೆ. ಅಂದರೆ ತುದಿಯ ಮಧ್ಯದಲ್ಲಿ ಕಲ್ಲು ಸವೆಯುವುದಿಲ್ಲ, ಒತ್ತಡಕ್ಕೆ ಪುಡಿಯಾಗಬೇಕು ಅಷ್ಟೆ. ನೀವು ಒತ್ತಿದಷ್ಟೂ ಭಾರವೆಲ್ಲ ಆ ಮಧ್ಯದ ಕಣಗಳ ಮೇಲೆ ಬಿದ್ದು ಮೊದಲು ಅವೇ ಕಿತ್ತು ಬರುತ್ತವೆ. ನಿಮ್ಮ ಹಳೇ ಬಿಟ್ ಒಂದನ್ನು ಭೂತಗನ್ನಡಿ ಹಿಡಿದು ನೋಡಿ. ಪಕ್ಕದಲ್ಲೆಲ್ಲ ಇನ್ನೂ ಮಿನುಗು ಇರುತ್ತದೆ, ತುದಿ ಬೋಳಾಗಿರುತ್ತದೆ. (ಎಸೆಯಬೇಡಿ, ಕೊರೆದ ತೂತನ್ನು ಅಗಲ ಮಾಡಲು ಪಕ್ಕದ ಕಣ ಸಾಕು.)

ಈಗ ನೀರಿನ ವಿಷಯ, ನಿಮ್ಮ ಮುಖ್ಯ ಸಮಸ್ಯೆ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಮೇಲಿನಿಂದ ಹನಿ ಬಿಟ್ಟರೆ ಕಲ್ಲಿನ ಮೇಲ್ಮೈ ಒದ್ದೆಯಾಗುತ್ತದೆ, ತೂತಿನ ತಳಕ್ಕೆ ನೀರು ಹೋಗುವುದಿಲ್ಲ, ಯಾಕೆಂದರೆ ತೂತನ್ನು ಬಿಟ್ ತಾನೇ ಮುಚ್ಚಿಕೊಂಡು ಕೂತಿದೆ. ಬಿಸಿ ಹುಟ್ಟುವುದು ತಳದಲ್ಲಿ. ಅಲ್ಲಿ ಕಲ್ಲಿನ ಪುಡಿ ಕಟ್ಟಿಕೊಂಡು ಕಣಗಳ ನಡುವಿನ ಸಂದು ತುಂಬಿಹೋಗುತ್ತದೆ, ಆಮೇಲೆ ವಜ್ರ ಕಲ್ಲನ್ನು ಮುಟ್ಟುವುದೇ ಇಲ್ಲ. ವಜ್ರ ಎಷ್ಟೇ ಗಟ್ಟಿ ಅಂದರೂ ಗಾಳಿಯಲ್ಲಿ 700–800 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಸುಡಲು ಶುರುವಾಗುತ್ತದೆ, ಅಷ್ಟು ಬಿಸಿ ಆಗುವ ಮೊದಲೇ ಕಣಗಳನ್ನು ಹಿಡಿದ ಲೇಪ ಸಡಿಲವಾಗಿರುತ್ತದೆ. ತುದಿ ಕಪ್ಪಾಯಿತು ಅಂದಿರಲ್ಲ, ಆ ಬಿಟ್ ಮುಗಿದ ಹಾಗೆ.

ಆದ್ದರಿಂದ ಸಿರಿಂಜ್ ಬಿಡಿ. ಚಪ್ಪಟೆ ಡಬ್ಬಿಯಲ್ಲಿ ಮರದ ತುಂಡಿಟ್ಟು, ಅದರ ಮೇಲೆ ಕಲ್ಲನ್ನು ಅಂಟುಪುಟ್ಟಿಯಿಂದ ಕೂರಿಸಿ, ಕಲ್ಲಿನ ಮೇಲೆ 3–4 ಮಿ.ಮೀ. ನಿಲ್ಲುವಷ್ಟು ನೀರು ಹಾಕಿ. ಒಂದೆರಡು ಸೆಕೆಂಡ್ ಕೊರೆಯಿರಿ, ಬಿಟ್ ತುದಿಯನ್ನು ತೂತಿನಿಂದ ಪೂರ್ತಿ ಹೊರಗೆ ಎತ್ತಿ, ಮತ್ತೆ ಇಳಿಸಿ. ಎತ್ತಿದಾಗ ಪುಡಿ ಹೊರಗೆ, ನೀರು ಒಳಗೆ. ಪ್ರತಿ ಸಲ ಎತ್ತಿದಾಗ ತೂತಿನ ಬಾಯಿಂದ ಬಿಳಿ ಕದಡು ಎದ್ದು ನೀರಿನಲ್ಲಿ ಹರಡುತ್ತದೆ, ಅದನ್ನು ನೋಡುತ್ತಾ ಇರಿ. ಕದಡು ಬರುತ್ತಿದೆ ಅಂದರೆ ಬಿಟ್ ಕೆಲಸ ಮಾಡುತ್ತಿದೆ. ನೀರು ತಿಳಿಯಾಗಿಯೇ ಇದ್ದು ಸದ್ದು ಮಾತ್ರ ಜೋರಾದರೆ ನಿಲ್ಲಿಸಿ, ಇನ್ನೂ ಒತ್ತಿ ಪ್ರಯೋಜನ ಇಲ್ಲ.

ಎಣ್ಣೆ ಬೇಡ. ಕಲ್ಲು ಕತ್ತರಿಸುವ ದೊಡ್ಡ ಗರಗಸಗಳಿಗೆ ಎಣ್ಣೆ ಹಾಕುವುದುಂಟು, ಸಣ್ಣ ತೂತಿಗೆ ಅದರ ರಗಳೆ ಯಾಕೆ? ಸಣ್ಣ ರಂಧ್ರಗಳಿರುವ ಕಲ್ಲು ಎಣ್ಣೆ ಹೀರಿ ಕಲೆಯಾಗುತ್ತದೆ, ಆಮೇಲೆ ಅಂಟೂ ಹಿಡಿಯುವುದಿಲ್ಲ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಇಕ್ಕಟ್ಟಾದ ತೂತಿಗೆ ಸಲೀಸಾಗಿ ಇಳಿಯುತ್ತದೆ.

ಸ್ಪೀಡ್ ಬಗ್ಗೆ: ಬಿಟ್ ಸಣ್ಣದಾದಷ್ಟೂ ಜಾಸ್ತಿ ಬೇಕು. 1 ಮಿ.ಮೀ. ಬಿಟ್ ನಿಮಿಷಕ್ಕೆ 20,000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 1 ಮೀಟರ್ ಓಡುತ್ತದೆ. 5 ಮಿ.ಮೀ. ಬಿಟ್‌ಗೆ ಅದೇ ಓಟಕ್ಕೆ 4,000 ಸುತ್ತು ಸಾಕು. ನೀವು 15,000–20,000ದ ಆಸುಪಾಸಿನಲ್ಲಿ ಇಡಿ.

ಹರಳುಪೆಟ್ಟಿಗೆ

ಚಕ್ಕೆ ಹಾರುವ ವಿಷಯಕ್ಕೆ ನಾನು ಬರುತ್ತೇನೆ.

ಕೊನೆಯ ಅರ್ಧ ಮಿಲಿಮೀಟರ್‌ನಲ್ಲಿ ಬಿಟ್‌ನ ಕೆಳಗೆ ಉಳಿದಿರುವುದು ತೆಳು ಪೊರೆಯಷ್ಟು ಕಲ್ಲು. ನೀವು ಅದೇ ಒತ್ತಡದಲ್ಲಿ ಹೋದರೆ ಬಿಟ್ ಅದನ್ನು ಸವೆಸುವ ಬದಲು ತಳ್ಳಿಬಿಡುತ್ತದೆ. ಕಲ್ಲು ಬಾಗುವುದಿಲ್ಲ, ಹಿಂದೆ ಅಗಲವಾಗಿ ಸಿಡಿಯುತ್ತದೆ.

ಸುಲಭ ದಾರಿ ಎರಡು ಬದಿಯಿಂದ ಕೊರೆಯುವುದು. ಮುಂದಿನಿಂದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೋಗಿ, ಕಲ್ಲು ತಿರುಗಿಸಿ, ಹಿಂದಿನಿಂದ ಬಂದು ಸೇರಿಸಿ. ಎರಡೂ ಬಾಯಿ ಚೊಕ್ಕವಾಗಿರುತ್ತವೆ, ಏನಾದರೂ ಚಕ್ಕೆ ಎದ್ದರೂ ತೂತಿನ ಒಳಗೆ, ಯಾರಿಗೂ ಕಾಣುವುದಿಲ್ಲ. ಅಗೇಟ್‌ನಂಥ ಬೆಳಕು ಹಾಯುವ ಕಲ್ಲಾದರೆ ಕೆಲಸ ಇನ್ನೂ ಹಗುರ. ಹಿಂದಿನಿಂದ ಟಾರ್ಚ್ ಹಿಡಿದರೆ ಅರ್ಧ ಕೊರೆದ ತೂತು ಚುಕ್ಕಿಯಾಗಿ ಕಾಣುತ್ತದೆ, ಅದರ ಮೇಲೇ ಗುರುತು ಹಾಕಿಕೊಳ್ಳಿ. ಬೆಳಕು ಹಾಯದ ಕಲ್ಲಿಗೆ ಎರಡು ಅಂಚಿನಿಂದ ಅಳೆದು ಗುರುತು ಮಾಡಬೇಕು, ಬೇರೆ ಉಪಾಯ ಇಲ್ಲ.

ತೀರಾ ತೆಳು ಬಿಲ್ಲೆಗೆ ಎರಡು ಬದಿಯ ರಗಳೆ ಬೇಡ ಅನಿಸಿದರೆ, ಹಿಂದೆ ಬೇಡದ ಗಾಜಿನ ಚೂರನ್ನು ಸೂಪರ್ ಗ್ಲೂ ಹಾಕಿ ಅಂಟಿಸಿ, ಗಾಜಿಗೆ ಇಳಿಯುವವರೆಗೂ ಕೊರೆಯಿರಿ. ಹಿಂದೆ ಆಸರೆ ಇರುವುದರಿಂದ ಕಲ್ಲು ಸಿಡಿಯುವುದಿಲ್ಲ, ಚಕ್ಕೆ ಎದ್ದರೆ ಗಾಜಿನದ್ದು ಏಳುತ್ತದೆ. ಆಮೇಲೆ ಅಸಿಟೋನ್‌ನಲ್ಲಿ ನೆನೆಹಾಕಿದರೆ ಬಿಟ್ಟುಕೊಳ್ಳುತ್ತದೆ. ಅಂಬರ್‌ಗೆ, ರಾಳ ತುಂಬಿಸಿ ಗಟ್ಟಿ ಮಾಡಿದ ಟರ್ಕ್ವಾಯ್ಸ್‌ಗೆ ಮಾತ್ರ ಅಸಿಟೋನ್ ತೋರಿಸಲೇಬೇಡಿ.

ಅಂಚಿಗೆ ತೀರಾ ಹತ್ತಿರವೂ ಕೊರೆಯಬೇಡಿ. ತೂತಿನ ಅಗಲದ ಎರಡರಷ್ಟಾದರೂ ಕಲ್ಲು ಹೊರಗೆ ಉಳಿಯಲಿ. ಇಲ್ಲದಿದ್ದರೆ ಕೊರೆಯುವಾಗ ಉಳಿದುಕೊಂಡದ್ದು ಹಾಕಿಕೊಂಡು ಓಡಾಡುವಾಗ ಮುರಿಯುತ್ತದೆ.

ನಿಧಾನಸ್ಥ

ಕೊರೆಹುಳ ಅವರ ಲೆಕ್ಕ ಸರಿ, ಆದರೆ 20,000 ಸುತ್ತು ಅನ್ನೋದನ್ನು ಹೊಸಬರಿಗೆ ನಾನು ಹೇಳುವುದಿಲ್ಲ. ಕೈಯಲ್ಲಿ ಹಿಡಿದ ಟೂಲ್‌ನಲ್ಲಿ ಬಿಟ್ ಒಂದು ಚೂರು ಓಲಾಡುತ್ತಿದ್ದರೂ ಅಷ್ಟು ವೇಗದಲ್ಲಿ ಅದು ಕೊರೆಯುವುದಿಲ್ಲ, ಕಲ್ಲಿನ ಮೇಲೆ ಬಡಿಯುತ್ತದೆ. 10,000ದಲ್ಲಿ ಶುರು ಮಾಡಿ, ಕೈ ಪಳಗಿದ ಮೇಲೆ ಏರಿಸಿ. ಸ್ವಲ್ಪ ತಡ ಆಗುತ್ತದೆ, ಆಗಲಿ ಬಿಡಿ.

ಮೊದಲು ಓಲಾಟ ಇದೆಯಾ ನೋಡಿ. ಟೂಲ್ ಆನ್ ಮಾಡಿ ಬಿಟ್ ತುದಿಯನ್ನು ಬಿಳಿ ಹಾಳೆಯ ಎದುರು ಹಿಡಿಯಿರಿ. ತುದಿ ಒಂದೇ ಗೆರೆಯಾಗಿ ಕಾಣಬೇಕು, ಎರಡಾಗಿ ಮಸುಕಾಗಿ ಕಂಡರೆ ಬಿಟ್ ಬಾಗಿದೆ ಅಥವಾ ಸರಿಯಾಗಿ ಕೂತಿಲ್ಲ. ಟೂಲ್‌ನಲ್ಲಿ ಬಿಟ್ ಕಚ್ಚಿ ಹಿಡಿಯುವ ಮೂರು ದವಡೆಯ ಚಕ್‌ಗಿಂತ ಬಿಟ್‌ನ ಹಿಡಿಗೆ ಸರಿಹೊಂದುವ ಕಾಲೆಟ್ (ಸೀಳಿರುವ ಸಣ್ಣ ಕೊಳವೆ) ಸಾಮಾನ್ಯವಾಗಿ ನೇರವಾಗಿ ಹಿಡಿಯುತ್ತದೆ. ಹಿಡಿ ಸಾಮಾನ್ಯವಾಗಿ 2.35 ಮಿ.ಮೀ. ಇಲ್ಲವೇ 3 ಮಿ.ಮೀ. ಆಸುಪಾಸು ಇರುತ್ತದೆ, ಅಳೆದು ಹಾಕಿ. ಬಿಟ್ ಎಷ್ಟು ಬೇಕೋ ಅಷ್ಟೇ ಹೊರಗೆ ಚಾಚಿರಲಿ.

ಸಾಧ್ಯವಾದರೆ ಡ್ರಿಲ್ ಸ್ಟ್ಯಾಂಡ್ ತಗೊಳ್ಳಿ. 1 ಮಿ.ಮೀ. ಬಿಟ್ ಮುರಿಯುವುದು ಮೇಲಿನಿಂದ ಬೀಳುವ ಭಾರಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ವಾಲಿದ್ದಕ್ಕೆ. ಸ್ಟ್ಯಾಂಡ್ ಇದ್ದರೆ ಆ ತಾಪತ್ರಯ ಇಲ್ಲ. ಇಲ್ಲದಿದ್ದರೆ ಶುರು ಮಾಡುವಾಗ ಬಿಟ್ ಅನ್ನು ಓರೆಯಾಗಿ ಇಟ್ಟು ಒಂದು ಸಣ್ಣ ಗೀರು ಮಾಡಿ, ಗೀರು ಹಿಡಿದ ಮೇಲೆ ಟೂಲ್ ನಿಧಾನಕ್ಕೆ ನೆಟ್ಟಗೆ ಮಾಡಿ. ನುಣುಪು ಕಲ್ಲಿನ ಮೇಲೆ ನೇರವಾಗಿ ಇಟ್ಟರೆ ಜಾರಿ ಹೊಳಪೆಲ್ಲ ಗೀಚಿಹೋಗುತ್ತದೆ. ಆಳಕ್ಕೆ ಇಳಿದ ಮೇಲೆ ಮಾತ್ರ ಓರೆ ಮಾಡುವ ಆಟ ಬೇಡವೇ ಬೇಡ.

ಕರೆಂಟ್ ತಂತಿಯ ಟೂಲ್ ಹಿಡಿದು ನೀರಿನ ಡಬ್ಬಿ ಮೇಲೆ ಬಗ್ಗುವುದಾದರೆ ದಯವಿಟ್ಟು ಹುಷಾರು. ಫ್ಲೆಕ್ಸಿಬಲ್ ಶಾಫ್ಟ್ (ಬಾಗುವ ಉದ್ದ ಕೇಬಲ್, ತುದಿಯಲ್ಲಿ ಹಿಡಿ) ಸಿಕ್ಕಿಸಿ ಮೋಟಾರ್ ದೂರ ಇಡಿ, ಅಥವಾ ಬ್ಯಾಟರಿ ಟೂಲ್ ಬಳಸಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ ಅಂತ ಬೇರೆ ಹೇಳಬೇಕಿಲ್ಲ ತಾನೇ.

ಕೊರೆಹುಳ

10,000 ಆದರೂ ನಡೆಯುತ್ತದೆ, ಜಗಳ ಇಲ್ಲ. ಆದರೆ ನಿಧಾನ ಮಾಡಿದಾಗ ಇಳಿಯುತ್ತಿಲ್ಲ ಅಂತ ಜನ ಇನ್ನೂ ಒತ್ತುತ್ತಾರೆ, ನನ್ನ ಭಯ ಅದೇ. ಸ್ಪೀಡ್ ಕಡಿಮೆ ಮಾಡಿದರೆ ಒತ್ತಡವನ್ನೂ ಕಡಿಮೆ ಮಾಡಿ.

ಮಣಿಸರ

ತುಂಬಾ ಥ್ಯಾಂಕ್ಸ್. ಡಬ್ಬಿಯಲ್ಲಿ ಮುಳುಗಿಸಿ ಕೊರೆದು ನೋಡಿದೆ, ವ್ಯತ್ಯಾಸ ಕಣ್ಣಿಗೆ ಕಾಣುತ್ತಿದೆ. ಕಿರ್ ಅನ್ನುವ ಸದ್ದೇ ಇಲ್ಲ, ಕದಡು ಚೆನ್ನಾಗಿ ಬರುತ್ತಿದೆ. ಈಗ ಹೊಸ ಪ್ರಶ್ನೆಗಳು. ಎರಡು ಬದಿಯಿಂದ ಕೊರೆದಾಗ ತೂತುಗಳು ಒಂದಕ್ಕೊಂದು ಸೇರುತ್ತವೆ, ಆದರೆ ಒಳಗೆ ಮೆಟ್ಟಿಲು ಉಳಿದು ತಂತಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇನು ಮಾಡೋದು? ಮತ್ತೆ ನನ್ನ ಹತ್ತಿರ ಮ್ಯಾಲಕೈಟ್, ಫ್ಲೋರೈಟ್, ಮೂನ್‌ಸ್ಟೋನ್ ಇವೆ. ಇದೇ ವಿಧಾನ ನಡೆಯುತ್ತದಾ?

ಕಲ್ಲುಗಣ್ಣು

ಮ್ಯಾಲಕೈಟ್ ಅಂದ ಕೂಡಲೇ ಬರೆಯಲು ಕೂತೆ. ಅದು ತಾಮ್ರದ ಖನಿಜ, ಅದರ ದೂಳು ವಿಷ. ಒಣಗಿದ್ದಾಗ ಕೊರೆಯುವುದು, ಉಜ್ಜುವುದು ಎರಡೂ ಬೇಡ. ನೀರಿನಲ್ಲಿ ಮುಳುಗಿಸಿಯೇ ಮಾಡಿ, ಮಾಸ್ಕ್ ಹಾಕಿ, ಕೈ ತೊಳೆಯಿರಿ. ಅಗೇಟ್ ನಿರಪಾಯ ಅಂತಲೂ ತಿಳಿಯಬೇಡಿ. ಅಗೇಟ್, ಜಾಸ್ಪರ್, ಸ್ಫಟಿಕ ಎಲ್ಲವೂ ಸಿಲಿಕಾ, ಅದರ ಸಣ್ಣ ದೂಳು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಬಂದರೆ ವಾಸಿಯಾಗುವುದಿಲ್ಲ. ನೀರು ಬಿಟ್‌ಗೆ ಎಷ್ಟು ಮುಖ್ಯವೋ ನಿಮಗೂ ಅಷ್ಟೇ ಮುಖ್ಯ. ಕೆಲಸ ಮುಗಿದ ಮೇಲೆ ಮೇಜಿನ ಮೇಲೆ ಸಿಡಿದ ನೀರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದರೆ ಅದೇ ಮತ್ತೆ ದೂಳು. ಡಬ್ಬಿಯ ರಾಡಿಯನ್ನು ಸಿಂಕ್‌ಗೆ ಸುರಿದರೆ ಪೈಪಿನ ಒಳಗೆ ಸಿಮೆಂಟ್ ತರ ಕೂತುಬಿಡುತ್ತದೆ. ಒಂದು ರಾತ್ರಿ ಬಿಟ್ಟು, ತಿಳಿನೀರು ಚೆಲ್ಲಿ, ತಳದ ಗಸಿಯನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ.

ಫ್ಲೋರೈಟ್ ಗಡಸುತನ ಬರೀ 4, ಬೇಗ ಇಳಿಯುತ್ತದೆ. ಅದಕ್ಕೇ ಅಪಾಯ ಜಾಸ್ತಿ. ಅದು ನಾಲ್ಕು ದಿಕ್ಕಿನಲ್ಲಿ ಸಲೀಸಾಗಿ ಸೀಳುವ ಕಲ್ಲು, ಸ್ವಲ್ಪ ಬಡಿದರೂ, ಬಿಸಿಯಾಗಿ ತಣ್ಣಗಾದರೂ ಒಳಗೆ ಬಿರುಕು ಓಡುತ್ತದೆ. ಮೂನ್‌ಸ್ಟೋನ್ ಗಡಸುತನ 6ರಿಂದ 6.5, ಆದರೆ ಫೆಲ್ಡ್‌ಸ್ಪಾರ್ ಜಾತಿ, ಎರಡು ದಿಕ್ಕಿನಲ್ಲಿ ಸೀಳುತ್ತದೆ. ಗಟ್ಟಿ ಕಲ್ಲು ಅಂದ ಮಾತ್ರಕ್ಕೆ ಗಟ್ಟಿಮುಟ್ಟು ಅಲ್ಲ ಅನ್ನೋದಕ್ಕೆ ಟೋಪಾಜ್ ನೋಡಿ, ಗಡಸುತನ 8 ಇದ್ದೂ ಒಂದು ದಿಕ್ಕಿನಲ್ಲಿ ನೀಟಾಗಿ ಎರಡು ಹೋಳು. ಜೇಡ್ ಅದಕ್ಕೆ ಉಲ್ಟಾ. ಗಡಸುತನ ಕಡಿಮೆ, ಆದರೆ ಒಳಗೆ ನಾರುನಾರಾಗಿ ಹೆಣೆದುಕೊಂಡಿರುವುದರಿಂದ ಸುಲಭಕ್ಕೆ ಒಡೆಯುವುದಿಲ್ಲ, ಕೊರೆಯಲೂ ಸತಾಯಿಸುತ್ತದೆ. ನಿಮ್ಮ ಫ್ಲೋರೈಟ್ ಚೆಂದದ್ದಾಗಿದ್ದರೆ ಕೊರೆಯಬೇಡಿ, ತಂತಿ ಸುತ್ತಿ ಪೆಂಡೆಂಟ್ ಮಾಡಿ. ತೂತು ಹಾಕಲೇಬೇಕು ಅಂತ ಯಾರೂ ಹೇಳಿಲ್ಲ.

ಹೊಳೆ ಕಲ್ಲಿನ ಬಗ್ಗೆ ಒಂದು ಮಾತು. ಗ್ರಾನೈಟ್ ತರ ಚುಕ್ಕಿ ಚುಕ್ಕಿ ಇದ್ದರೆ ಬಿಟ್ ಒಂದು ಕಣದಲ್ಲಿ ಬೇಗ, ಪಕ್ಕದ್ದರಲ್ಲಿ ನಿಧಾನ ಇಳಿಯುತ್ತಾ ದಾರಿ ತಪ್ಪುತ್ತದೆ. ಒಂದೇ ಬಣ್ಣದ, ನುಣ್ಣನೆ ಕಣದ ಕಲ್ಲು ಆರಿಸಿಕೊಳ್ಳಿ.

ಹರಳುಪೆಟ್ಟಿಗೆ

ಮೆಟ್ಟಿಲಿಗೆ ಔಷಧಿ ಇದೆ. ಮೊನಚಾಗಿ ಬರುವ ಡೈಮಂಡ್ ರೀಮರ್ (ತೂತಿನ ಒಳಗನ್ನು ಸವೆಸುವ ಕಡ್ಡಿ) ಸಿಗುತ್ತದೆ, ಒದ್ದೆ ಮಾಡಿಕೊಂಡು ಕೈಯಲ್ಲೇ ತಿರುಗಿಸಿ ಸವೆಸಿ, ಎರಡೂ ಕಡೆಯಿಂದ. ತುದಿ ಬೋಳಾದ ಹಳೇ 1 ಮಿ.ಮೀ. ಬಿಟ್ ಇದ್ದರೆ ಅದನ್ನೇ ನಿಧಾನ ವೇಗದಲ್ಲಿ ಒಳಗೆ ಹೊರಗೆ ಆಡಿಸಿದರೂ ಆಗುತ್ತದೆ. ನಿಮ್ಮ ತಂತಿ ಯಾವುದು? 0.8 ಮಿ.ಮೀ. ಆದರೆ 1 ಮಿ.ಮೀ. ತೂತು ಸಾಕು. 1 ಮಿ.ಮೀ. ತಂತಿಗೆ 1 ಮಿ.ಮೀ. ತೂತು ಕೊರೆದರೆ ತೂರುವುದಿಲ್ಲ, 1.2 ಮಾಡಿ.

ತಂತಿ ಬಿಟ್ಟು ದಾರದಲ್ಲಿ ಪೋಣಿಸುವುದಾದರೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಹೊಸದಾಗಿ ಕೊರೆದ ತೂತಿನ ಬಾಯಿ ಬ್ಲೇಡಿನಷ್ಟು ಹರಿತ. ರೇಷ್ಮೆ ದಾರ ಕೆಲವೇ ದಿನದಲ್ಲಿ ತುಂಡಾಗಿ ಮಣಿಗಳೆಲ್ಲ ನೆಲದ ಪಾಲಾಗುತ್ತವೆ. ಟೂಲ್‌ಗೆ 2 ಮಿ.ಮೀ. ಗುಂಡು ತಲೆಯ ಡೈಮಂಡ್ ಬರ್ (ಸವೆಸುವ ಬಿಟ್) ಹಾಕಿ, ನೀರಿನಲ್ಲೇ, ಎರಡೂ ಬಾಯಿಗೆ ಒಂದೊಂದು ಕ್ಷಣ ಮುಟ್ಟಿಸಿ. ಆಮೇಲೆ ಒಂದು ಹಳೇ ಹತ್ತಿ ದಾರ ತೂರಿಸಿ ಆಚೀಚೆ ಎಳೆದು ನೋಡಿ, ಎಳೆ ಎದ್ದರೆ ಅಂಚು ಇನ್ನೂ ಹೋಗಿಲ್ಲ, ಮತ್ತೊಮ್ಮೆ ಮುಟ್ಟಿಸಿ.