ಬಾಲ್ಕನಿ ಗ್ರಿಲ್ ಮೇಲೆ ಬಿಳಿ ಕೂದಲಿನಂಥದ್ದು, ಏನಿದು?

ದಾಸವಾಳದ ಮನೆ, ಮೈಸೂರು
ನಮಸ್ಕಾರ. ಬಾಲ್ಕನಿಯ ಕಬ್ಬಿಣದ ಗ್ರಿಲ್ಲಿಗೆ, ಟ್ಯೂಬ್‌ಲೈಟ್ ಪಕ್ಕದಲ್ಲಿ, ಕೂದಲಿಗಿಂತ ಸಣ್ಣ ಎಳೆಗಳು ನೆಟ್ಟಗೆ ನಿಂತಿವೆ. ಉದ್ದ ಅರ್ಧ ಸೆಂಟಿಮೀಟರ್ ಇರಬಹುದು. ಒಂದೊಂದರ ತುದಿಗೂ ರಾಗಿಕಾಳಿಗಿಂತ ಚಿಕ್ಕ, ಉದ್ದುದ್ದನೆಯ ಗುಂಡು. ನಮ್ಮತ್ತೆ ಬೂಷ್ಟು ಅಂತ ಫಿನಾಯಿಲ್ ಬಟ್ಟೆ ಹಿಡಿದಿದ್ದಾರೆ. ನಾದಿನಿ ಒಂದು ವಾಟ್ಸಾಪ್ ಫಾರ್ವರ್ಡ್ ತೋರಿಸಿ, ಇದು ಮೂರು ಸಾವಿರ ವರ್ಷಕ್ಕೊಮ್ಮೆ ಅರಳೋ ಔದುಂಬರ ಪುಷ್ಪ, ಅರಿಶಿನ ಕುಂಕುಮ ಇಡಿ ಅಂತಾಳೆ. ಸದ್ಯಕ್ಕೆ ಇಬ್ಬರನ್ನೂ ತಡೆದಿದ್ದೀನಿ. ಫೋಟೊ ತೆಗೆದರೆ ಎದುರು ಮನೆ ನೀರಿನ ಟ್ಯಾಂಕ್ ಚೆನ್ನಾಗಿ ಬರುತ್ತೆ, ಇದು ಮಾತ್ರ ಮಸುಕು.

ಗುರು_೭೭
ಬೂಷ್ಟೇ ಮೇಡಂ. ಮಳೆಗಾಲ ಅಲ್ವಾ. ಒರೆಸಿ ಬಿಸಾಕಿ.

ವಾಚ್ ರಿಪೇರಿ, ಹಾಸನ
ಒರೆಸಬೇಡಿ ಮೇಡಂ. ಬೂಷ್ಟಿಗೆ ತಿನ್ನೋಕೆ ಏನಾದರೂ ಬೇಕು: ಒದ್ದೆ ಮರ, ಹಳಸಿದ ಅನ್ನ, ಚರ್ಮ. ಪೇಂಟ್ ಹೊಡೆದ ಕಬ್ಬಿಣದ ಮೇಲೆ, ಬುಡದಲ್ಲಿ ಹತ್ತಿಯಂಥ ಬಲೆಯೇ ಇಲ್ಲದೆ, ಬಿಡಿಬಿಡಿಯಾಗಿ ಅದು ಏಳೋದಿಲ್ಲ. ನನ್ನ ಅನುಮಾನ ಬೇರೆ ಇದೆ, ಆದರೆ ಮೊದಲು ಫೋಟೊ.

ಫೋನ್ ತಪ್ಪಲ್ಲ. ಎಳೆ ಅಷ್ಟು ತೆಳು, ಕ್ಯಾಮೆರಾ ಅದನ್ನು ದಾಟಿ ಹಿಂದಿನದನ್ನು ಹಿಡಿಯುತ್ತೆ. ಹಿಂದೆ ಒಂದು ಕಪ್ಪು ರಟ್ಟು ಇಡಿ, ಟ್ಯಾಂಕ್ ಮಾಯ. ಅಗ್ಗದ ಫೋನುಗಳ 2 ಮೆಗಾಪಿಕ್ಸೆಲ್ ‘ಮ್ಯಾಕ್ರೊ’ ನಂಬಬೇಡಿ. ಮುಖ್ಯ ಕ್ಯಾಮೆರಾದಲ್ಲೇ ಒಂದು ಗೇಣು ದೂರದಿಂದ ತೆಗೆದು ಕ್ರಾಪ್ ಮಾಡಿದರೆ ಅದಕ್ಕಿಂತ ಮೇಲು. ಇನ್ನೂ ಬೇಕಂದ್ರೆ ನಮ್ಮ ಕಸುಬಿನವರು ಕಣ್ಣಿಗೆ ಸಿಕ್ಕಿಸಿಕೊಳ್ಳೋ ಐ-ಗ್ಲಾಸ್ ತಗೊಂಡು ಲೆನ್ಸಿಗೆ ಒತ್ತಿ ಹಿಡೀರಿ. ಆಗ ಫೋಕಸ್ ಹುಡುಕಬೇಡಿ, ಫೋನನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ. ಮೇಲಿಂದ ತೆಗೆದರೆ ಬರೀ ಚುಕ್ಕೆ ಕಾಣುತ್ತೆ, ಪಕ್ಕದಿಂದ ತೆಗೀರಿ. ಟಾರ್ಚಿಗೆ ಟಿಶ್ಯೂ ಪೇಪರ್ ಸುತ್ತಿ ಓರೆಯಾಗಿ ಬಿಡಿ. ಅಳತೆಗೆ ಪಕ್ಕದಲ್ಲೊಂದು ಗುಂಡುಪಿನ್ನು. ಗಾಳಿ ಇದ್ದರೆ ಸುಮ್ಮನೆ ಕಾಯಿರಿ.

ದಾಸವಾಳದ ಮನೆ, ಮೈಸೂರು
ಕಪ್ಪು ರಟ್ಟು ಇಟ್ಟ ಮೇಲೆ ಬಂತು ಸರ್! ಹಾಕಿದ್ದೀನಿ. ಕೆಲವು ತಿಳಿಹಸಿರು, ಕೆಲವು ಬೂದಿ. ಒಂದೆರಡು ಬೆಳ್ಳಗೆ, ಒಳಗೆ ಏನೂ ಇಲ್ಲದ ಹಾಗಿವೆ.

ವಾಚ್ ರಿಪೇರಿ, ಹಾಸನ
ಹಾಗಾದರೆ ಖಾತ್ರಿ. ಲೇಸ್‌ವಿಂಗ್ ಅನ್ನೋ ಹಸಿರು ಕೀಟದ ಮೊಟ್ಟೆ. ಕೃಷಿಯವರು ಕ್ರೈಸೊಪರ್ಲಾ ಅಂತಾರೆ. ರಾತ್ರಿ ದೀಪಕ್ಕೆ ಬರುತ್ತೆ, ಅದಕ್ಕೇ ನಿಮ್ಮ ಟ್ಯೂಬ್‌ಲೈಟ್ ಪಕ್ಕ. ಹೆಣ್ಣು ಒಂದು ತೊಟ್ಟು ಅಂಟು ಇಟ್ಟು ಹೊಟ್ಟೆ ಮೇಲೆತ್ತುತ್ತೆ. ಅಂಟು ಎಳೆಯಾಗಿ ಎದ್ದು ಗಾಳಿಗೆ ಗಟ್ಟಿಯಾದ ಮೇಲೆ ತುದಿಗೆ ಮೊಟ್ಟೆ. ಇರುವೆಗೆ ಸುಲಭಕ್ಕೆ ಸಿಗಬಾರದು, ಮೊದಲು ಹೊರಬಂದ ಮರಿ ಒಡಹುಟ್ಟನ್ನೇ ತಿನ್ನಬಾರದು, ಅದಕ್ಕೆ ಈ ಏರ್ಪಾಡು. ಹಸಿರು ಅಂದ್ರೆ ಹೊಸದು, ಬೂದಿ ಅಂದ್ರೆ ಮರಿ ಹೊರಡೋ ಸಮಯ, ಬಿಳಿ ಅಂದ್ರೆ ಖಾಲಿ ಚಿಪ್ಪು.

ನಾದಿನಿಯವರ ಫಾರ್ವರ್ಡಿಗೂ ಒಂದು ಹಿನ್ನೆಲೆ ಇದೆ. ಕೊರಿಯಾ, ಚೀನಾ ಕಡೆ ಬುದ್ಧನ ವಿಗ್ರಹದ ಮೇಲೆ ಇಂಥದ್ದೇ ಕಂಡಾಗ ಔದುಂಬರ ಹೂ ಅಂತ ಜನ ಕೈಮುಗಿದರು, ಕೀಟತಜ್ಞರು ಮೊಟ್ಟೆ ಅಂದರು. ಔದುಂಬರ ಅಂದ್ರೆ ನಮ್ಮ ಅತ್ತಿ. ನಿಜವಾದ ಅತ್ತಿ ಹೂ ಬೇಕಿದ್ದರೆ ಒಂದು ಅತ್ತಿಕಾಯಿ ಸೀಳಿ, ಒಳಗೇ ಇರುತ್ತೆ, ವರ್ಷ ಕಾಯಬೇಕಿಲ್ಲ.

ದಾಸವಾಳದಲ್ಲಿ ಹೇನು, ಹಿಟ್ಟು ತಿಗಣೆ ಇದ್ದರೆ ಈ ಮರಿಗಳಿಗೆ ಅದೇ ಊಟ. ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಲ್ಲಿ ಇವನ್ನು ಬೇಕಂತಲೇ ಸಾಕುತ್ತಾರೆ. ಬೇವಿನೆಣ್ಣೆ ಸಿಂಪಡಿಸೋದನ್ನು ಸ್ವಲ್ಪ ದಿನ ಬಿಡಿ.

ದಾಸವಾಳದ ಮನೆ, ಮೈಸೂರು
ಹೇನು ಬೇಕಾದಷ್ಟಿದೆ ಸರ್. ಅತ್ತೆ ಒಪ್ಪಿದರು, ಆದರೆ ಮರಿ ಒಳಗೆ ಬಂದರೆ ಹೊಣೆ ನಂದಂತೆ.

ಮಲೆನಾಡಿಗ
ನಮ್ಮ ಬಚ್ಚಲುಮನೆ ಬಾಗಿಲ ಚೌಕಟ್ಟಲ್ಲಿ ಕಂದು ಕೂದಲಿನ ಗೊಂಚಲು, ಕಪ್ಪು ಕಾಲು. ಮುಟ್ಟಿದರೆ ಪುಡಿ ಹಾರುತ್ತೆ. ಇದೂ ಮೊಟ್ಟೆಯಾ?

ವಾಚ್ ರಿಪೇರಿ, ಹಾಸನ
ಅಲ್ಲ. ಬಚ್ಚಲ ಚೌಕಟ್ಟು ಅಂದ್ರೆ ಒದ್ದೆ ಮರ, ಸ್ಟೆಮೊನೈಟಿಸ್ ಅನ್ನೋ ಲೋಳೆಬೂಷ್ಟು ಇರಬೇಕು. ಹೆಸರಿಗೆ ಬೂಷ್ಟು, ಜಾತಿಯಲ್ಲಿ ಅಮೀಬಾದ ನೆಂಟ. ಮೊದಲು ಬಿಳಿ ಲೋಳೆ ಕಂಡಿತ್ತಾ? ಬೇರೆ ಥ್ರೆಡ್ ಹಾಕಿ, ಪಕ್ಕದಿಂದ ತೆಗೆದ ಫೋಟೊ ಸಮೇತ. ಊದಬೇಡಿ, ಪುಡಿ ಮೂಗಿಗೆ ಹೋಗುತ್ತೆ.