ಹತ್ತು ನಿಮಿಷ ಒಂದೇ ತಾಳ: ನಮ್ಮ ಮನೆ ಗುಂಪಿನ ಜಗಳ

ಭಾನುವಾರ ಮಧ್ಯಾಹ್ನ ಶುರುವಾಗಿ ರಾತ್ರಿಯವರೆಗೆ ನಡೆದ ಮಾತಿದು. ನಡುನಡುವೆ ಬಂದ ಅಮ್ಮನ ಹೂವಿನ ಚಿತ್ರಗಳನ್ನೂ ಯಾರದೋ ನಾಮಕರಣದ ಫೋಟೋಗಳನ್ನೂ ಬಿಟ್ಟಿದ್ದೇನೆ. ಉಳಿದದ್ದು ಹಾಗೇ ಇದೆ.

ನಾನು: ಜರ್ಮನಿಯ ನೊಯ್! ಅನ್ನುವ ರಾಕ್ ಬ್ಯಾಂಡಿನ 'ಹಲ್ಲೋಗಲ್ಲೋ', 1972ರದ್ದು. ಇಯರ್‌ಫೋನ್ ಹಾಕಿಕೊಂಡು ಕೇಳಿ. ಅರ್ಧಕ್ಕೆ ನಿಲ್ಲಿಸಬೇಡಿ.

ಶ್ರೀಧರ ಮಾವ: ಪೂರ್ತಿ ಕೇಳಿದೆ. ಹತ್ತು ನಿಮಿಷ. ಈಗ ಶುರುವಾಗುತ್ತದೆ, ಈಗ ಶುರುವಾಗುತ್ತದೆ ಅಂತ ಕಾದೆ. ಮುಗಿದೇ ಹೋಯಿತು.

ಅನು ಅಕ್ಕ: ಹ್ಹ ಹ್ಹ ಹ್ಹ. ನಾನು ಮಧ್ಯದಲ್ಲಿ ಎದ್ದು ಹೋಗಿ ಬಟ್ಟೆ ಒಣಹಾಕಿ ಬಂದೆ. ಹಾಡು ಇನ್ನೂ ಅಲ್ಲೇ ಇತ್ತು.

ನಾನು: ಡ್ರಮ್ಸ್ ಮಾತ್ರ ಅಲ್ಲೇ ಇತ್ತು ಅಕ್ಕಾ. ಗಿಟಾರ್ ಪದರ ಪದರವಾಗಿ ಸೇರುತ್ತಾ ಹೋಗುತ್ತದೆ. ಕೆಲವನ್ನು ಟೇಪ್ ಉಲ್ಟಾ ಓಡಿಸಿ ಸೇರಿಸಿದ್ದಾರೆ.

ಶ್ರೀಧರ ಮಾವ: ಅದೇ 1972ರಲ್ಲಿ ಇಂಗ್ಲೆಂಡಿನ ಡೀಪ್ ಪರ್ಪಲ್‌ನವರ 'ಮೇಡ್ ಇನ್ ಜಪಾನ್' ಆಲ್ಬಮ್ ಬಂತು. ಅದರಲ್ಲಿ ಅವರ ಗಿಟಾರಿಗ ಬ್ಲ್ಯಾಕ್‌ಮೋರ್ ನುಡಿಸುವುದನ್ನು ಕೇಳು, ಆಮೇಲೆ ಇದನ್ನು ಕೇಳು. ಇವರದ್ದು ಪ್ರಯೋಗ ಅಲ್ಲ ಮಾರಾಯ, ಸೋಮಾರಿತನ. ನುಡಿಸಲು ಬಾರದವರು ಹೀಗೆ ನುಡಿಸುತ್ತಾರೆ.

ನಾನು: ಬಾರದೇ ಏನಲ್ಲ ಮಾವ. ನೊಯ್! ಬ್ಯಾಂಡಿನ ಗಿಟಾರಿಗ ಮೈಕೆಲ್ ರೋಥರ್ ಹುಡುಗನಾಗಿದ್ದಾಗ ನಿಮ್ಮ ಇಂಗ್ಲಿಷ್ ಗಿಟಾರಿಗರನ್ನೇ ನಕಲು ಮಾಡಿ ಕಲಿತವನು. ಆಮೇಲೆ ಬೇಕೆಂದೇ ಅಮೆರಿಕದ ಬ್ಲೂಸ್ ಶೈಲಿ ಬಿಟ್ಟ. ಇವರೆಲ್ಲ ಯುದ್ಧ ಮುಗಿದ ಮೇಲೆ ಬೆಳೆದ ಮಕ್ಕಳು. ಅಪ್ಪಂದಿರ ಕಾಲದ್ದು ಯಾವುದೂ ಬೇಡ. ರೇಡಿಯೋ ಹಾಕಿದರೆ ಷ್ಲಾಗರ್ ಅನ್ನುವ ಸಿಹಿ ಸಿಹಿ ಹಾಡು, ಇಲ್ಲದಿದ್ದರೆ ಇಂಗ್ಲೆಂಡ್, ಅಮೆರಿಕದ ನಕಲು. 1968ರ ವಿದ್ಯಾರ್ಥಿ ಚಳವಳಿ ನೋಡಿದವರಿಗೆ ಎರಡೂ ಸಾಕಾಗಿತ್ತು. ಮೊದಲಿನಿಂದ ಶುರು ಮಾಡಬೇಕಿತ್ತು.

ಶ್ರೀಧರ ಮಾವ: ಇತಿಹಾಸ ಚೆನ್ನಾಗಿದೆ. ನಾನು ಕೇಳಿದ್ದು ಹಾಡು.

ವೀಣಾ ಅತ್ತೆ: ರೀ, ಒಂದೇ ನಡೆಯನ್ನು ಹತ್ತು ನಿಮಿಷ ಹಿಡಿಯುವುದು ಸೋಮಾರಿ ಕೆಲಸ ಅಂತ ಯಾರು ಹೇಳಿದ್ದು? ನಾನು ಬಾಯಲ್ಲೇ ತಾಳದ ಸೊಲ್ಲು ಹೇಳುವ ಕೊನ್ನಕ್ಕೋಲ್ ಕಲಿಯುವಾಗ ಮೇಷ್ಟ್ರು ಬೈಯುತ್ತಿದ್ದದ್ದೇ ಅದಕ್ಕೆ. ನಾಲ್ಕು ಜತಿ ಬಾಯಿಗೆ ಬಂದ ಕೂಡಲೇ ಮೆರೆಯುವ ಆಸೆ ಬರುತ್ತದೆ. ಈ ಡ್ರಮ್ಮಿನವನಿಗೆ ಆ ಆಸೆಯೇ ಇಲ್ಲ.

ನಾನು: ಅವನು ಕ್ಲೌಸ್ ಡಿಂಗರ್. ನಿಮಗೆ ಜರ್ಮನಿಯದ್ದೇ ಆದ ಕ್ಯಾನ್ ಬ್ಯಾಂಡಿನ ಡ್ರಮ್ಮರ್ ಯಾಕಿ ಲೀಬೆತ್ಸೈಟ್ ಇನ್ನೂ ಇಷ್ಟ ಆಗುತ್ತಾನೆ ಅತ್ತೆ. ಮೊದಲು ಫ್ರೀ ಜಾಝ್ ಬಾರಿಸುತ್ತಿದ್ದ, ಅಲ್ಲಿ ತಾಳ ಹಿಡಿಯುವುದೇ ಅಪರಾಧ. ಒಂದು ಸಲ ಕೇಳುಗನೊಬ್ಬ ಬಂದು ಏಕತಾನವಾಗಿ ಬಾರಿಸು ಅಂದನಂತೆ. ಅದನ್ನೇ ಜೀವನಪೂರ್ತಿ ಮಾಡಿದ.

ಅನು ಅಕ್ಕ: ಸರಿ, ನನ್ನ ತಕರಾರು ಬೇರೆ. ಇಂಗ್ಲೆಂಡಿನ ಗಾಯಕ ಡೇವಿಡ್ ಬೋವಿ ಬರ್ಲಿನ್‌ಗೆ ಹೋಗಿ ಇವರನ್ನು ಹೊಗಳದೇ ಇದ್ದಿದ್ದರೆ ಯಾರು ಕೇಳುತ್ತಿದ್ದರು? ಇದು ಗೊತ್ತು ಅಂತ ಹೇಳಿಕೊಳ್ಳುವುದಕ್ಕೆ ಕೇಳುವ ಸಂಗೀತ. ನಿಜ ಹೇಳು.

ನಾನು: ಸ್ವಲ್ಪ ನಿಜ. ಅಂಥವರು ಜಾಸ್ತಿಯೇ ಇದ್ದಾರೆ. ಆದರೆ ಕ್ಯಾನ್‌ನವರ 'ಸ್ಪೂನ್' ಟಿವಿಯ ಪತ್ತೇದಾರಿ ಸರಣಿಗೆ ಬಳಕೆಯಾಗಿ, 1972ರಲ್ಲೇ ಜರ್ಮನ್ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಹೋಗಿತ್ತು. ಅದನ್ನು ಕೊಂಡವರಿಗೆ ಬೋವಿ ಹೇಳಿರಲಿಲ್ಲ. 1982ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಹಿಪ್-ಹಾಪ್ ಡಿಜೆ ಆಫ್ರಿಕಾ ಬಂಬಾಟಾ ತನ್ನ 'ಪ್ಲಾನೆಟ್ ರಾಕ್' ಹಾಡಿಗೆ ಜರ್ಮನಿಯ ಎಲೆಕ್ಟ್ರಾನಿಕ್ ಬ್ಯಾಂಡ್ ಕ್ರಾಫ್ಟ್‌ವೆರ್ಕ್‌ನ ರಾಗ ತೆಗೆದುಕೊಂಡ. ಅದು ಕುಣಿಯುವವರಿಗಾಗಿ ಮಾಡಿದ್ದು, ಜಂಬಕ್ಕಲ್ಲ. ನನಗನ್ನಿಸುವುದು ಇಷ್ಟು: ಡೀಪ್ ಪರ್ಪಲ್‌ನಲ್ಲಿ ಮುಂದೆ ಒಬ್ಬ ಹೀರೋ ನಿಂತಿರುತ್ತಾನೆ. ಅವನ ಹಾಗೆ ನುಡಿಸಿದರೆ ನೀನು ಅವನ ನಕಲು. ಇಲ್ಲಿ ಮುಂದೆ ಯಾರೂ ಇಲ್ಲ. ಆಮೇಲೆ ಬಂದವರು ಆ ತಾಳದ ಮೇಲೆ ತಮ್ಮದೇನನ್ನೋ ಇಡಬಹುದು. ಅದಕ್ಕೇ ಹಳತಾಗುವುದಿಲ್ಲ.

ಶ್ರೀಧರ ಮಾವ: ಖಾಲಿ ಸೈಟು ಅನ್ನು.

ನಾನು: ಅನ್ನಿ ಮಾವ, ಬೇಜಾರಿಲ್ಲ.

ವೀಣಾ ಅತ್ತೆ: ಎಂಬ್ರಿಯೊ ಅನ್ನುವ ಬ್ಯಾಂಡಿನವರೂ ಇದೇ ಥರದ ಜರ್ಮನರಲ್ವಾ? ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ನುಡಿಸಿದ್ದರು. ಟಿ.ಎ.ಎಸ್. ಮಣಿ, ರಮಾಮಣಿ ಅವರದ್ದು.

ನಾನು: ಹೌದು ಅತ್ತೆ! ಮ್ಯೂನಿಕ್‌ನವರು. 1978ರಲ್ಲಿ ಬಸ್ಸಿನಲ್ಲಿ ಹೊರಟು ಅಫ್ಘಾನಿಸ್ತಾನ ದಾಟಿ ಭಾರತಕ್ಕೆ ಬಂದರು. ಎರಡೂ ತಂಡಗಳ ಹೆಸರಲ್ಲಿ ಒಟ್ಟಿಗೆ ರೆಕಾರ್ಡ್ ಬಂದಿದೆ.

ಶ್ರೀಧರ ಮಾವ: ಹಾಗಾದರೆ ಎಲ್ಲ ನಮ್ಮಿಂದ ಹೋದದ್ದು. ಮೊದಲೇ ಹೇಳಬಾರದಾ?

ವೀಣಾ ಅತ್ತೆ: ಹತ್ತು ನಿಮಿಷದ ಹಿಂದೆ ಸೋಮಾರಿತನ ಆಗಿತ್ತು, ಈಗ ನಮ್ಮದಾಯಿತಾ? ಸುಮ್ನೆ ಇರಿ.

ನಾನು: ಎಂಬ್ರಿಯೊ ಬರುವ ಹೊತ್ತಿಗೆ ನೊಯ್! ಒಡೆದೇ ಹೋಗಿತ್ತು ಮಾವ. ರೋಥರ್ ಮಾತ್ರ ಚಿಕ್ಕಂದಿನಲ್ಲಿ ಕರಾಚಿಯಲ್ಲಿದ್ದ. ಕೊನೆಯೇ ಇಲ್ಲದಂತೆ ಸಾಗುವ ಅಲ್ಲಿನ ಸಂಗೀತ ತಲೆಯಲ್ಲಿ ಉಳಿಯಿತು ಅಂತ ಅವನೇ ಹೇಳಿದ್ದಾನೆ.

ಅನು ಅಕ್ಕ: ಈಗ ಗೂಗಲ್ ಮಾಡಿದೆ. ನೊಯ್! ಎರಡನೇ ಆಲ್ಬಮ್, 1973. ದುಡ್ಡು ಖಾಲಿಯಾಯಿತು ಅಂತ ತಮ್ಮದೇ ಹಳೇ ಸಿಂಗಲ್ ರೆಕಾರ್ಡನ್ನು 16ರ ವೇಗದಲ್ಲಿ ಒಮ್ಮೆ, 78ರ ವೇಗದಲ್ಲಿ ಒಮ್ಮೆ ಓಡಿಸಿ ಒಂದು ಬದಿ ತುಂಬಿಸಿದ್ದಾರೆ!!

ಶ್ರೀಧರ ಮಾವ: ಅಂಗಡಿಗೆ ಹೋಗಿ ಅರ್ಧ ದುಡ್ಡು ವಾಪಸ್ ಕೇಳುತ್ತಿದ್ದೆ.

ನಾನು: ಆಮೇಲೆ ರೀಮಿಕ್ಸ್ ಅಂತ ಎಲ್ಲರೂ ಮಾಡಿದ್ದು ಅದನ್ನೇ ಅಂತ ಕೆಲವರು ಕೊಂಡಾಡುತ್ತಾರೆ. ನನಗೆ ಅಷ್ಟು ಭಕ್ತಿ ಇಲ್ಲ. ಆ ಬದಿ ನಾನೂ ಹಾಕುವುದಿಲ್ಲ. ಆದರೆ ಅದರ ಮೊದಲ ಬದಿ ಕೇಳಿ.

ಶ್ರೀಧರ ಮಾವ: ಬೇಡ. ಆ ಕ್ಯಾನ್ ಅಂದೆಯಲ್ಲ, ಅದನ್ನು ಕಳಿಸು. ಚಿಕ್ಕದು ಕಳಿಸು.

ನಾನು: 'ಹಾಲೆಲೂವಾ' ಕಳಿಸಿದ್ದೇನೆ, 1971ರದ್ದು. 18 ನಿಮಿಷ.

ಶ್ರೀಧರ ಮಾವ: ಚಿಕ್ಕದು ಅಂದೆ.

ನಾನು: ಇದು ಕತ್ತರಿಸಿದ ಮೇಲೆ 18, ಮಾವ. ಅವರು ಗಂಟೆಗಟ್ಟಲೆ ನುಡಿಸಿ ಟೇಪ್ ತುಂಬುತ್ತಿದ್ದರು. ಬೇಸ್ ನುಡಿಸುವ ಹೋಲ್ಗರ್ ಚುಕಾಯ್ ಆಮೇಲೆ ಕೂತು ಕತ್ತರಿಸಿ ಅಂಟಿಸುತ್ತಿದ್ದ. ಅವನೂ ಕೀಬೋರ್ಡಿನ ಇರ್ಮಿನ್ ಶ್ಮಿಟ್ಟೂ ಷ್ಟಾಕ್‌ಹೌಸನ್ ಅನ್ನುವ ಜರ್ಮನಿಯ ಪ್ರಯೋಗಶೀಲ ಸಂಗೀತ ಸಂಯೋಜಕನ ಹತ್ತಿರ ಕಲಿತವರು. ಮುಂದೆ ಕಲೋನ್ ಹತ್ತಿರ ಒಂದು ಹಳೇ ಸಿನಿಮಾ ಟಾಕೀಸು ಹಿಡಿದು, ಗೋಡೆಗೆಲ್ಲ ಮಿಲಿಟರಿ ಹಾಸಿಗೆ ಹೊಡೆದು ಸ್ಟುಡಿಯೋ ಮಾಡಿಕೊಂಡರು.

ವೀಣಾ ಅತ್ತೆ: ಇಲ್ಲಿ ಸ್ಪೀಕರ್‌ನಲ್ಲಿ ಹಾಕಿಕೊಂಡು ಕೂತಿದ್ದಾರೆ. ಕಾಲು ಅಲ್ಲಾಡುತ್ತಿದೆ. ನಾನು ಹೇಳಿದೆ ಅಂತ ಹೇಳಬೇಡ.

ಅನು ಅಕ್ಕ: ಅತ್ತೆ, ಇದು ಗ್ರೂಪು 😂

ಶ್ರೀಧರ ಮಾವ: ಕಾಲು ಅಲ್ಲಾಡಿದ್ದು ಸೊಳ್ಳೆಗೆ. ಡ್ರಮ್ಮಿನವನು ಪರವಾಗಿಲ್ಲ, ಒಪ್ಪುತ್ತೇನೆ. ಹಾಡುವವನು ಯಾರು ಇವನು? ಎಲ್ಲಿಂದ ಹಿಡಿದು ತಂದರು?

ನಾನು: ಡಾಮೊ ಸುಜುಕಿ, ಜಪಾನಿನವನು. 1970ರಲ್ಲಿ ಮ್ಯೂನಿಕ್‌ನ ಬೀದಿಯಲ್ಲಿ ಕೂಗಾಡುತ್ತಾ ಹಾಡುತ್ತಿದ್ದ. ಇವರು ಕರೆದರು, ಅದೇ ರಾತ್ರಿ ವೇದಿಕೆ ಹತ್ತಿದ. ರಿಹರ್ಸಲ್ ಇಲ್ಲ.

ಶ್ರೀಧರ ಮಾವ: ಅದು ಕೇಳಿದರೇ ಗೊತ್ತಾಗುತ್ತದೆ.