ಹಲಾಲ್ ಪ್ರಮಾಣಪತ್ರಕ್ಕೆ ಯಾವ ಸಂಸ್ಥೆ? ರಫ್ತು ಮಾಡಿದವರ ಅನುಭವ ಬೇಕಾಗಿದೆ

ಹಾವೇರಿಯ ಮಸಾಲೆ ತಯಾರಕರು:
ನಮ್ಮದು ಸಾರಿನ ಪುಡಿ, ಚಟ್ನಿಪುಡಿ ಹಾಗೂ ಮಾವಿನ ಉಪ್ಪಿನಕಾಯಿ ತಯಾರಿಸುವ ಸಣ್ಣ ಘಟಕ. ಎರಡು ವರ್ಷಗಳಿಂದ ದುಬೈಗೆ ಸರಕು ಕಳುಹಿಸುತ್ತಿದ್ದೇವೆ. ಈಗ ಮಲೇಷ್ಯಾದ ಖರೀದಿದಾರರೊಬ್ಬರು ಹಲಾಲ್ ಪ್ರಮಾಣಪತ್ರ ಕೇಳಿದ್ದಾರೆ. ಮೂರು ಸಂಸ್ಥೆಗಳಿಂದ ದರಪಟ್ಟಿ ತರಿಸಿದ್ದೇವೆ; ಅತಿ ಕಡಿಮೆಗೂ ಅತಿ ಹೆಚ್ಚಿಗೂ ನಾಲ್ಕು ಪಟ್ಟು ಅಂತರವಿದೆ. ಅನುಭವ ಇದ್ದವರು ದಯವಿಟ್ಟು ದಾರಿ ತೋರಿಸಿ.

ತುಮಕೂರಿನ ಮಿಡಿಸೌತೆ ರಫ್ತುದಾರರು:
ದರ ನೋಡಿ ಆರಿಸಿ ಕೆಟ್ಟವನು ನಾನು, ಆದ್ದರಿಂದ ಬರೆಯುತ್ತಿದ್ದೇನೆ. 2019ರಲ್ಲಿ ಎಲ್ಲರಿಗಿಂತ ಕಡಿಮೆ ಹೇಳಿದ ಸಂಸ್ಥೆಗೆ 28,000 ರೂಪಾಯಿ ಕಟ್ಟಿದೆವು. ಪರಿಶೀಲನೆಗೆ ಬಂದ ಆಡಿಟರ್ ಒಂದೂವರೆ ಗಂಟೆಯಲ್ಲಿ ಘಟಕ ಸುತ್ತಿ, ಕಾಫಿ ಕುಡಿದು ಹೊರಟರು. ವಿನಿಗರ್ ಯಾವುದರಿಂದ ಆಯಿತೆಂದು ಕೇಳಲಿಲ್ಲ, ಉಪ್ಪುನೀರಿಗೆ ಬೆರೆಸುವ ಪಾಲಿಸಾರ್ಬೇಟ್ 80 ಎಂಬ ಎಣ್ಣೆ-ನೀರು ಬೆರೆಸುವ ಸೇರ್ಪಡೆಯ ಕೊಬ್ಬಿನಾಮ್ಲ ಸಸ್ಯದ್ದೋ ಪ್ರಾಣಿಯದ್ದೋ ಎಂದೂ ಕೇಳಲಿಲ್ಲ. ಎಂಬತ್ತು ಡ್ರಮ್ಮುಗಳ ಕಂಟೇನರ್ ಚೆನ್ನೈಯಿಂದ ಮಲೇಷ್ಯಾದ ಪೋರ್ಟ್ ಕ್ಲಾಂಗ್ ತಲುಪಿದ ಮೇಲೆ ಖರೀದಿದಾರರಿಂದ ಪತ್ರ ಬಂತು: ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಹೆಸರು ಮಲೇಷ್ಯಾ ಸರ್ಕಾರದ ಹಲಾಲ್ ಪ್ರಾಧಿಕಾರವಾದ ಜಾಕಿಮ್ ಮಾನ್ಯ ಮಾಡಿದ ವಿದೇಶಿ ಸಂಸ್ಥೆಗಳ ಪಟ್ಟಿಯಲ್ಲಿ ಇಲ್ಲ, ನಿಮ್ಮ ಸೌತೆ ಬಳಸಿದರೆ ನಮ್ಮ ಕಾರ್ಖಾನೆಯ ಹಲಾಲ್ ಮುದ್ರೆಯೇ ಹೋಗುತ್ತದೆ. ಸರಕು ಇಪ್ಪತ್ತಾರು ದಿನ ಬಂದರಿನಲ್ಲಿ ಬಿದ್ದಿತ್ತು. ಡೆಮರೇಜ್ (ಬಂದರಿನಲ್ಲಿ ತಡವಾದ ದಂಡ) ಮತ್ತು ದಾಸ್ತಾನು ಶುಲ್ಕ 1,92,000, ಮರಳಿ ತರಿಸಿದ ಹಡಗು ಬಾಡಿಗೆ 1,46,000, ಚೆನ್ನೈಯಲ್ಲಿ ಕಸ್ಟಮ್ಸ್ ಮತ್ತು ಲಾರಿಗೆ 64,000, ಕೊನೆಗೆ ಅದನ್ನೇ ಬೇರೆಯವರಿಗೆ ಕಡಿಮೆ ಬೆಲೆಗೆ ಮಾರಿದ ನಷ್ಟ 5,20,000; ಒಟ್ಟು 9,22,000 ರೂಪಾಯಿ. ಆ ಸಂಸ್ಥೆಗೆ ಫೋನ್ ಮಾಡಿದರೆ, "ಜಾಕಿಮ್ ಮಾನ್ಯತೆ ಇದೆಯೆಂದು ನಾವು ಹೇಳಿರಲಿಲ್ಲವಲ್ಲ" ಎಂದರು. ಹೇಳಿರಲಿಲ್ಲ, ನಿಜ. ನಾನೂ ಕೇಳಿರಲಿಲ್ಲ.

ಹೊಸಕೋಟೆಯ ಕೋಳಿಮಾಂಸ ರಫ್ತುದಾರರು:
ಇಷ್ಟೆಲ್ಲ ಗೊಂದಲವೇ ಬೇಡ. ಪ್ರಮಾಣೀಕರಣ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಭಾರತದ ಮಂಡಳಿ ಎನ್‌ಎಬಿಸಿಬಿಯ ಮಾನ್ಯತೆ ಪಡೆದ ಸಂಸ್ಥೆಯ ಬಳಿ, ಐ-ಕ್ಯಾಸ್ ಎಂಬ ಭಾರತದ ಹಲಾಲ್ ಪ್ರಮಾಣೀಕರಣ ಯೋಜನೆಯಡಿ ಮಾಡಿಸಿ, ಮುಗಿಯಿತು. 2024ರ ಅಕ್ಟೋಬರ್ 16ರಿಂದ ಒಮಾನ್, ಕತಾರ್, ಮಲೇಷ್ಯಾ ಸೇರಿ ಹದಿನೈದು ದೇಶಗಳಿಗೆ ಅದು ಕಡ್ಡಾಯ. ನಮ್ಮ ಹಳೆಯ ಪ್ರಮಾಣಪತ್ರಕ್ಕೆ ಇನ್ನೂ ಐದು ತಿಂಗಳ ಅವಧಿಯಿತ್ತು, ಆದರೆ ಕೊಟ್ಟ ಸಂಸ್ಥೆಗೆ ಆ ಮಾನ್ಯತೆ ಇರಲಿಲ್ಲ. ಒಂದೇ ವರ್ಷ ಎರಡು ಸಲ ಶುಲ್ಕ ಕಟ್ಟಿದೆವು. ಹೊಸ ಸಂಸ್ಥೆ ಬಂದು ನೋಡುವವರೆಗೆ ಒಮಾನಿಗೆ ಹೋಗಬೇಕಿದ್ದ ಎರಡು ಲೋಡು ಕೋಳಿ ಮೈನಸ್ ಹದಿನೆಂಟು ಡಿಗ್ರಿಯಲ್ಲಿ ನಲವತ್ತು ದಿನ ಕೂತಿತ್ತು. ಆ ತಿಂಗಳ ಕರೆಂಟ್ ಬಿಲ್ಲನ್ನು ಇಂದಿಗೂ ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ.

ದುಬೈಯಲ್ಲಿರುವ ಭಟ್ಕಳದ ಆಮದುದಾರರು:
ಹೊಸಕೋಟೆಯವರು ಹೇಳಿದ ನಿಯಮ ಮಾಂಸ ಮತ್ತು ಮಾಂಸದ ಉತ್ಪನ್ನಗಳಿಗೆ ಮಾತ್ರ ಅನ್ವಯಿಸುತ್ತದೆ. ಸಾರಿನ ಪುಡಿಯವರನ್ನು ಅದರ ಹೆಸರಿನಲ್ಲಿ ಹೆದರಿಸಬೇಡಿ. ಹನ್ನೊಂದು ವರ್ಷಗಳಿಂದ ಇಲ್ಲಿ ಮೆಣಸಿನಪುಡಿ, ಧನಿಯಾ ತರಿಸುತ್ತಿದ್ದೇನೆ. ಬರೀ ಮಸಾಲೆಗೆ ಬಂದರಿನಲ್ಲಿ ಯಾರೂ ನನ್ನನ್ನು ಹಲಾಲ್ ಪತ್ರ ಕೇಳಿಲ್ಲ. ಮಾಂಸಕ್ಕೆ, ಪ್ರಾಣಿಜನ್ಯ ಪದಾರ್ಥ ಸೇರಿದ್ದಕ್ಕೆ ಕೇಳುತ್ತಾರೆ. ಸೂಪರ್ ಮಾರ್ಕೆಟ್ಟಿನವರು ಕೇಳುವುದು ಅವರವರ ಖರೀದಿ ನಿಯಮ. ಹಲಾಲ್ ಎಂದರೆ ಏನೆಂದು ನಮ್ಮ ಮನೆಯಲ್ಲಿ ತಾಯಿ ಕಲಿಸಿದ್ದಾರೆ. ಕೊತ್ತಂಬರಿ ಬೀಜಕ್ಕೆ ಲಕ್ಷ ರೂಪಾಯಿಯ ಕಾಗದ ಬೇಕೆಂದು ಯಾರಾದರೂ ಹೇಳಿದರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಬೆಂಗಳೂರಿನ ರಸ್ಕ್ ಮತ್ತು ಬಿಸ್ಕತ್ತು ತಯಾರಕರು:
ಭಟ್ಕಳದವರ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ಪದಾರ್ಥ ಸಸ್ಯಜನ್ಯವಾದ ಮಾತ್ರಕ್ಕೆ ಘಟಕ ಶುದ್ಧವಾಗುವುದಿಲ್ಲ. ನಾವು ಅತಿ ಹೆಚ್ಚು ಶುಲ್ಕದ ಸಂಸ್ಥೆಯನ್ನೇ ಆರಿಸಿದೆವು, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅವರ ಆಡಿಟರ್ ಎರಡು ದಿನ ಇದ್ದರು. ಮೈದಾದಿಂದ ಹಿಡಿದು ವಿಟಮಿನ್ ಮಿಶ್ರಣದ ಜೆಲಟಿನ್ ಲೇಪದವರೆಗೆ ಪ್ರತಿಯೊಂದರ ಮೂಲದ ಪತ್ರ ಕೇಳಿದರು. ಎರಡನೆಯ ದಿನ ಟ್ರೇಗೆ ಎಣ್ಣೆ ಸವರುವ ಬ್ರಷ್ಷನ್ನು ಕೈಗೆತ್ತಿಕೊಂಡು, ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದರು. ನೈಲಾನ್ ಆಗಿದ್ದರೆ ಕರಗಿ ಗುಂಡಾಗಬೇಕಿತ್ತು. ಅದು ಚಟಚಟ ಉರಿದು, ಕೂದಲು ಸುಟ್ಟ ವಾಸನೆ ಬಂತು. ಯಾವ ಪ್ರಾಣಿಯ ಕೂದಲೆಂದು ಬ್ರಷ್ ಮಾರಿದವರಿಗೂ ಗೊತ್ತಿರಲಿಲ್ಲ. ಹಂದಿಗೂದಲಿನ ಬ್ರಷ್ಷುಗಳು ಮಾರುಕಟ್ಟೆಯಲ್ಲಿ ಸಾಮಾನ್ಯ. ಅಷ್ಟೂ ಬ್ರಷ್ಷುಗಳನ್ನು ಎಸೆದು ಸಿಲಿಕೋನಿನವು ತಂದೆವು. ಮಲೇಷ್ಯಾದವರು ಸೆರ್ತು ಎನ್ನುವ ಕ್ರಮದಂತೆ ಟ್ರೇ, ಮೇಜು, ಬೆಲ್ಟುಗಳನ್ನು ಒಂದು ಸಲ ಮಣ್ಣು ಕಲಸಿದ ನೀರಿನಿಂದ, ಆರು ಸಲ ಬರಿಯ ನೀರಿನಿಂದ ತೊಳೆದೆವು. ನಾಲ್ಕು ದಿನ ಉತ್ಪಾದನೆ ನಿಂತಿತು. ಕಡಿಮೆ ದರದ ಆಡಿಟರ್ ಆಗಿದ್ದರೆ ಆ ಬ್ರಷ್ ಇಂದಿಗೂ ಅಲ್ಲೇ ಇರುತ್ತಿತ್ತು. ಅಗ್ಗದ ಹಿಂದೆ ಹೋದವರು ಆಮೇಲೆ ಡೆಮರೇಜ್ ಲೆಕ್ಕ ಹೇಳಿ ಪ್ರಯೋಜನವಿಲ್ಲ.

ತುಮಕೂರಿನ ಮಿಡಿಸೌತೆ ರಫ್ತುದಾರರು:
ಈ ಕೊನೆಯ ಮಾತು ನನಗೇ ಹೇಳಿದ್ದೆಂದು ತಿಳಿಯುತ್ತದೆ. ಮಿಡಿಸೌತೆ ಬೆಳೆಯುವ ಇನ್ನೂರು ರೈತರಿಗೆ ವಾರವಾರ ಹಣ ಕೊಡಬೇಕಾದ ನಾನು ಇಪ್ಪತ್ತೆಂಟು ಸಾವಿರವನ್ನೂ ಎಣಿಸಿಯೇ ಕೊಟ್ಟಿದ್ದೇನೆ. ತಾವು ದುಬಾರಿ ಸಂಸ್ಥೆಯನ್ನು ಹೊಗಳಿದಿರಿ, ಆದರೆ ಎಷ್ಟು ಕಟ್ಟಿದಿರೆಂದು ಬರೆಯಲಿಲ್ಲ. ಕೇಳಿದವರಿಗೆ ಬೇಕಾಗಿರುವುದು ಅದೇ.

ಬ್ಯಾಡಗಿಯ ಓಲಿಯೊರೆಸಿನ್ ಘಟಕದವರು:
ಮಲೇಷ್ಯಾ ಪಟ್ಟಿಯೊಂದನ್ನೇ ನೋಡಿ ಯಾರೂ ನಿಲ್ಲಬೇಡಿ. ನಮ್ಮ ಮೆಣಸಿನಕಾಯಿ ಸಾರ ಇಂಡೋನೇಷ್ಯಾಕ್ಕೆ ಹೋಗುತ್ತದೆ. ಅಲ್ಲಿ 2014ರ 33ನೇ ಕಾನೂನಿನಂತೆ ಪ್ರಮಾಣಪತ್ರ ಕಡ್ಡಾಯ. ಆಮದು ಆಹಾರಕ್ಕೆ ಕೊಟ್ಟಿರುವ ಗಡುವು 2026ರ ಅಕ್ಟೋಬರ್ 17. ನಮ್ಮ ಸಂಸ್ಥೆಗೆ ಜಾಕಿಮ್ ಮಾನ್ಯತೆ ಇತ್ತು, ಇಂಡೋನೇಷ್ಯಾದ ಹಲಾಲ್ ಪ್ರಾಧಿಕಾರವಾದ ಬಿಪಿಜೆಪಿಎಚ್ ಮಾನ್ಯತೆ ಇರಲಿಲ್ಲ. ಎರಡೂ ಇದ್ದ ಸಂಸ್ಥೆಗೆ ಬದಲಾದ ಮೇಲೂ ಕೆಲಸ ಮುಗಿಯಲಿಲ್ಲ, ಏಕೆಂದರೆ ಅಲ್ಲಿನ ಆಮದುದಾರರು ನಮ್ಮ ಪ್ರಮಾಣಪತ್ರವನ್ನು ಬಿಪಿಜೆಪಿಎಚ್‌ನಲ್ಲಿ ನೋಂದಾಯಿಸಬೇಕು. ಅದರ ಖರ್ಚು ಯಾರದೆಂದು ಒಪ್ಪಂದದಲ್ಲಿ ಬರೆದಿರಲಿಲ್ಲ, ನಮ್ಮ ತಲೆಗೇ ಬಂತು. ಮಾನ್ಯತೆ ಇದೆ ಎಂದರೆ ಸಾಲದು, ಯಾವ ವರ್ಗದ ಉತ್ಪನ್ನಕ್ಕೆ ಇದೆ ಎಂದೂ ನೋಡಿ. ಕಸಾಯಿಖಾನೆಗೆ ಮಾತ್ರ ಮಾನ್ಯತೆ ಇರುವ ಸಂಸ್ಥೆ ನಿಮ್ಮ ಉಪ್ಪಿನಕಾಯಿಗೆ ಕೊಟ್ಟ ಪತ್ರದಿಂದ ಏನೂ ಆಗದು.

ಹೊಸಕೋಟೆಯ ಕೋಳಿಮಾಂಸ ರಫ್ತುದಾರರು:
ಭಟ್ಕಳದವರು ಹೇಳಿದ್ದು ಸರಿ, ನಿಯಮ ಮಾಂಸಕ್ಕೆ ಮಾತ್ರ. ಆದರೆ ನಾನು ಯಾರನ್ನೂ ಹೆದರಿಸಲಿಲ್ಲ, ನನಗಾದದ್ದನ್ನು ಬರೆದೆ. ಆ ಮಾತನ್ನು ಅವರು ಹಿಂದಕ್ಕೆ ಪಡೆಯಬೇಕು.

ದುಬೈಯಲ್ಲಿರುವ ಭಟ್ಕಳದ ಆಮದುದಾರರು:
"ಮುಗಿಯಿತು" ಎಂದು ಬರೆದವರು ತಾವು. ಹೊಸಬರು ಅದನ್ನು ನಂಬಿ ಹಣ ಕಟ್ಟಿದರೆ ಹೊಣೆ ಯಾರದು? ಹಿಂದಕ್ಕೆ ಪಡೆಯುವಂಥದ್ದನ್ನು ನಾನು ಬರೆದಿಲ್ಲ.

ಹಾವೇರಿಯ ಮಸಾಲೆ ತಯಾರಕರು:
ಎಲ್ಲರಿಗೂ ವಂದನೆಗಳು. ಮೂರೂ ಸಂಸ್ಥೆಗಳ ಹೆಸರನ್ನು ಇಂದು ಜಾಕಿಮ್ ಪಟ್ಟಿಯಲ್ಲಿ ಹುಡುಕಿದೆ, ಒಂದು ಸಿಗಲಿಲ್ಲ. ಉಳಿದ ಎರಡಕ್ಕೆ ವರ್ಗದ ವಿವರ ಕೇಳಿ ಬರೆದಿದ್ದೇನೆ. ತುಮಕೂರಿನವರು ಕೇಳಿದ್ದನ್ನೇ ನಾನೂ ಕೇಳುತ್ತೇನೆ: ಬೆಂಗಳೂರಿನವರೇ, ಒಟ್ಟು ಎಷ್ಟಾಯಿತು?

ಬೆಂಗಳೂರಿನ ರಸ್ಕ್ ಮತ್ತು ಬಿಸ್ಕತ್ತು ತಯಾರಕರು:
ಮುಚ್ಚಿಡುವ ಉದ್ದೇಶ ನನಗಿರಲಿಲ್ಲ. ವಾರ್ಷಿಕ ಶುಲ್ಕ 1,10,000, ಆಡಿಟರ್ ಅವರ ಪ್ರಯಾಣ ಮತ್ತು ವಸತಿ 31,000, ಬ್ರಷ್ಷು ಮತ್ತು ತೊಳೆಯುವ ಕೂಲಿ 18,500, ಪ್ರತಿ ಕಂಟೇನರಿನ ಪತ್ರಕ್ಕೆ 1,500. ಶುಲ್ಕದ ಮೇಲೆ ಜಿಎಸ್‌ಟಿ ಬೇರೆ. ನಾಲ್ಕು ದಿನ ನಿಂತ ಉತ್ಪಾದನೆಯ ಲೆಕ್ಕ ಹಾಕಿಲ್ಲ. ತುಮಕೂರಿನವರಿಗೆ ಹೇಳಿದ ಆ ಒಂದು ಮಾತಿಗೆ ಕ್ಷಮೆ ಕೇಳುತ್ತೇನೆ, ಬ್ರಷ್ಷಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗುವುದಿಲ್ಲ.